ಆರಿಸಿ ಕಳಿಸಿದ ಎಲೆ

ನೇಸರಿಯ ಅಣ್ಣಾಸಾಹೇಬರು ತಮ್ಮ ಪೇರಲ ತೋಟಕ್ಕೆ ಗೊಬ್ಬರ ಹಾಕುವ ಲೆಕ್ಕ ಬಲು ಸರಳ. ಬದುವಿನಾಚೆಯ ಪಾರೀಸ ತನ್ನ ತೋಟಕ್ಕೆ ಎಷ್ಟು ಹಾಕುತ್ತಾನೋ ನೋಡಿ, ಅದಕ್ಕಿಂತ ಒಂದು ಚೀಲ ಹೆಚ್ಚು. ಪಾರೀಸನ ಲೆಕ್ಕವೂ ಅದೇ. ಹೀಗಾಗಿ ಗಡಹಿಂಗ್ಲಜದ ಗೊಬ್ಬರದಂಗಡಿಯವನ ಮನೆಗೆ ಮಹಡಿ ಎದ್ದಿತು.

ಈ ವರ್ಷ ಸೊಸೆ ರುತುಜಾ ಅಡ್ಡ ಬಂದಳು. ಎಲೆ ಪರೀಕ್ಷೆ ಮಾಡಿಸಿದರೆ ಗಿಡಕ್ಕೆ ಬೇಕಾದದ್ದನ್ನಷ್ಟೇ ಹಾಕಬಹುದು, ದುಡ್ಡು ಉಳಿಯುತ್ತದೆ ಎಂದಳು. ಉಳಿಯುತ್ತದೆ ಅಂದರೆ ಅಣ್ಣಾಸಾಹೇಬರ ಕಿವಿ ನೆಟ್ಟಗಾಗುತ್ತದೆ. ಎಲೆ ಕೀಳುವ ಕೆಲಸ ಹೆಂಡತಿ ಬಾಳಕ್ಕನಿಗೆ ಬಂತು. ದಿನಾ ಪೂಜೆಗೆ ಬಿಲ್ವಪತ್ರಿ ಆರಿಸುವ ಕೈ ಅದು.

ಕೊಲ್ಲಾಪುರದ ಪ್ರಯೋಗಾಲಯದಿಂದ ವರದಿ ಬಂತು. ಗಿಡಗಳಿಗೆ ಯಾವ ಕೊರತೆಯೂ ಇಲ್ಲ, ಈ ವರ್ಷ ಗೊಬ್ಬರ ಬೇಡ. ಅಣ್ಣಾಸಾಹೇಬರು ಅದನ್ನು ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರಿಗೆಲ್ಲ ಓದಿ ಹೇಳಿದರು. ಎಲೆ ಆರಿಸಿದ್ದು ನಮ್ಮಾಕೆ ಅಂತ ಸೇರಿಸಲು ಮರೆಯಲಿಲ್ಲ.

ಹೂ ಬಿಡುವ ಹೊತ್ತಿಗೆ ತೋಟ ಹಳದಿಗೆ ತಿರುಗಿತು. ರುತುಜಾ ಗಾಬರಿಯಾಗಿ, ಎಲೆ ಯಾವ ಗಿಡದ್ದು ಎಂದು ಅತ್ತೆಯನ್ನು ಕೇಳಿದಳು. ಕೊಟ್ಟಿಗೆ ಮಗ್ಗುಲಿನದು, ಸಗಣಿ ನೀರು ಕುಡಿದು ಕೊಬ್ಬಿದ ಆ ಒಂದೇ ಗಿಡದ್ದು!

“ತೂತು ಬಿದ್ದದ್ದು, ಹಳದಿ ಆದದ್ದು ಹೆಂಗ ಕಳಸೂದವಾ? ನಾಕು ಮಂದಿ ನೋಡೂ ಎಲಿ,” ಎಂದಳು ಬಾಳಕ್ಕ.

ತೋಟವೆಲ್ಲ ಅಡ್ಡಾಡಿ, ಒಳ್ಳೆಯದು ಕೆಟ್ಟದ್ದು ನೋಡದೆ ಕೀಳಬೇಕಿತ್ತು ಎಂದು ರುತುಜಾ ಮಾವನಿಗೆ ಬಿಡಿಸಿ ಹೇಳಿದಳು. ಅಣ್ಣಾಸಾಹೇಬರಿಗೆ ಸಿಟ್ಟು ಬಂತು, ಮರುಕ್ಷಣ ಹೆಂಡತಿಯ ಮೇಲೆ ಕನಿಕರ ಬಂತು. ಊರೆಲ್ಲ ಅವಳನ್ನು ಹೊಗಳಿದವರು ತಾವೇ. ಅವಳಿಗೆ ಒಂದು ಮಾತೂ ಹೇಳಬೇಡ, ಗುಟ್ಟಾಗಿ ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ ಎಂದರು.

ಎಲೆ ಕೀಳಲು ಹೋದವರು ಬದುವಿನಾಚೆ ನೋಡಿದರೆ ಪಾರೀಸನ ತೋಟವೂ ಹಳದಿ.

“ನಿಮ್ಮ ರಿಪೋರ್ಟ್ ಕೇಳಿ ನಾನೂ ಗೊಬ್ಬರ ಬಿಟ್ಟೇನ್ರಿ ಅಣ್ಣಾ. ಇಬ್ಬರದೂ ಮಣ್ಣು ಒಂದ ಅಲ್ರಿ,” ಎಂದ ಪಾರೀಸ.

ಅಣ್ಣಾಸಾಹೇಬರು ಇಕ್ಕಟ್ಟಿಗೆ ಸಿಕ್ಕರು. ನಿಜ ಹೇಳಿದರೆ ಬಾಳಕ್ಕ ಊರಿಗೆ ನಗೆಪಾಟಲು, ಹೇಳದಿದ್ದರೆ ಪಾರೀಸನ ಬೆಳೆ ಹೋಯಿತು. ಜಾಣತನ ಮಾಡಿದರು. ನಿನ್ನ ತೋಟದ್ದು ಬೇರೆ ಪರೀಕ್ಷೆ ಮಾಡಿಸು, ತಡ ಮಾಡಬೇಡ ಎಂದು ಹೇಳಿ, ದೊಡ್ಡ ಭಾರ ಇಳಿಸಿಕೊಂಡು ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಪಾರೀಸ ಖಾಲಿ ಚೀಲ ಹಿಡಿದು ಬಂದ. ಕಟ್ಟೆಯ ಮೇಲೆ ಕೂತ ಅಣ್ಣಾಸಾಹೇಬರನ್ನು ದಾಟಿ, ಬಾಗಿಲಲ್ಲಿದ್ದ ಬಾಳಕ್ಕನಿಗೆ ಕೈಮುಗಿದ.

“ವೈನಿ, ನಮ್ಮ ತ್ವಾಟದ ಎಲಿನೂ ನೀವ ಆರಿಸಿ ಕೊಡ್ರಿ.”

ಅಣ್ಣಾಸಾಹೇಬರು ಬಾಯಿ ತೆರೆದರು. ಅಷ್ಟರಲ್ಲಿ ಬಾಳಕ್ಕನ ಮುಖ ಅರಳಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳನ್ನು ಹುಡುಕಿಕೊಂಡು ಯಾರೂ ಹೀಗೆ ಬಂದಿರಲಿಲ್ಲ.

“ಕುಂದರ್ರಿ,” ಎಂದಳು. “ಜಳಕಾ ಮಾಡಿ ಬರ್ತೇನಿ.”