ಹನುಮಕ್ಕನ ಕಣ್ಣು

ಅನಿತಾ ಒಳಗೆ ಬಂದವಳೇ ಫ್ಯಾನು ಆರಿಸಿದಳು. ಏಪ್ರಿಲ್ ತಿಂಗಳ ಧಗೆ; ನಡುಮನೆಯಲ್ಲಿ ಹೆಣದ ಸುತ್ತ ಕೂತಿದ್ದ ಹೆಂಗಸರು ತಲೆ ಎತ್ತಿದರು. ಊರಿನ ಆಶಾ ಕಾರ್ಯಕರ್ತೆಯಾದ ಅನಿತಾ ಯಾರ ಮುಖವನ್ನೂ ನೋಡದೆ ಸತ್ತವಳ ತಲೆಯ ಕೆಳಗೆ ದಿಂಬು ಇಟ್ಟು, ಅರೆತೆರೆದಿದ್ದ ರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆ ಹತ್ತಿ ಇರಿಸಿದಳು.

“ಏನಮ್ಮ ಇದು?” ಎಂದಳು ಚಿಕ್ಕಗೌರಮ್ಮ. ಮನೆಯ ಸೊಸೆ ಅನುಪಮಾಳ ತಾಯಿ ಆಕೆ.

“ಕಣ್ಣು ಒಣಗಬಾರ್ದು. ತುಮಕೂರಿಂದ ಆಸ್ಪತ್ರೆಯವ್ರು ಹೊರಟವ್ರೆ. ಹನುಮಕ್ಕ ಕಣ್ಣು ದಾನಕ್ಕೆ ಬರ್ದುಕೊಟ್ಟಿದ್ರು.”

ಬಾಗಿಲ ಬಳಿ ಕೂತಿದ್ದ ಒಬ್ಬಳು ಎದ್ದು ಹೊರಗೆ ಹೋದಳು.

ಶೆಟ್ಟಿಕೆರೆಗೆ ಎರಡು ಮೈಲಿ ದೂರದ ಆ ಊರಿನಲ್ಲಿ ಸತ್ತವಳನ್ನು ಹೆಸರಿನಿಂದ ಕರೆದವರು ಕಡಿಮೆ. ಹುಟ್ಟಿನಿಂದಲೇ ಅವಳ ಎಡಗಣ್ಣು ಮೂಗಿನ ಕಡೆಗೆ ವಾಲಿತ್ತು. ಮೆಳ್ಳೆಗಣ್ಣಿನ ಹುಡುಗಿ ಮೊದಲು ಮೆಳ್ಳಿಯಾದಳು, ವಯಸ್ಸಾದ ಮೇಲೆ ಮೆಳ್ಳಕ್ಕನಾದಳು. ನೋಡಲು ಬಂದ ಎರಡು ಗಂಡುಗಳೂ ಕಾಫಿ ಕುಡಿಯದೆ ಎದ್ದುಹೋದ ಮೇಲೆ ಮದುವೆಯ ಮಾತು ನಿಂತಿತು. ಅಣ್ಣನ ಮನೆಯಲ್ಲೇ ಉಳಿದಳು. ಅತ್ತಿಗೆ ತೀರಿಕೊಂಡಾಗ ಎರಡು ವರ್ಷದವನಾಗಿದ್ದ ಅಣ್ಣನ ಮಗ ರಂಗನಾಥನನ್ನು ಸಾಕಿದವಳು ಅವಳೇ. ಕರಟ ಒಡೆಯಲು ಕೂತರೆ ಕೊಬ್ಬರಿ ಗಿಟುಕು ಒಂದೂ ಸೀಳದೆ ಇಡಿಯಾಗಿ ಹೊರಬರುತ್ತಿತ್ತು. ಆದರೆ ಅಟ್ಟದ ಮೇಲೆ ಒಣಗುವ ಕಾಯಿಯ ಮೇಲೆ ಅವಳ ದೃಷ್ಟಿ ಬಿದ್ದರೆ ಎಲ್ಲ ಕೊಳೆಯುತ್ತದೆಂದು ಅವಳನ್ನು ಏಣಿ ಹತ್ತಗೊಡುತ್ತಿರಲಿಲ್ಲ. ಎದುರು ಸಿಕ್ಕ ಹೆಂಗಸರು ಹಾಲಿನ ಚೊಂಬಿಗೆ ಸೆರಗು ಮುಚ್ಚುತ್ತಿದ್ದರು. ಕ್ರಮೇಣ ಅವಳೂ ನೆಲ ನೋಡಿಕೊಂಡೇ ನಡೆಯುವುದನ್ನು ಕಲಿತಳು.

ಆ ದಿನ ಬೆಳಿಗ್ಗೆ ಆರಕ್ಕೆ ಹಾಲು ಕರೆಯಲು ತೋಟಕ್ಕೆ ಹೋದ ರಂಗನಾಥ, ಶೆಡ್ಡಿನ ಮುಂದೆ ಬಿದ್ದಿದ್ದ ಅತ್ತೆಯನ್ನು ಕಂಡಿದ್ದ. ಮೈ ಇನ್ನೂ ಬಿಸಿಯಿತ್ತು. ಈಗ ಒಂಬತ್ತೂವರೆ. ಆರು ತಾಸಿನೊಳಗೆ ಕಣ್ಣು ತೆಗೆಯಬೇಕು, ಅಪ್ಪ ತೀರಿಹೋಗಿರುವುದರಿಂದ ಅದಕ್ಕೆ ಅವನೇ ಸಹಿ ಹಾಕಬೇಕು ಎಂದು ಅನಿತಾ ಜಗಲಿಗೆ ಬಂದು ಹೇಳಿದಾಗ ಅವನು ಅವಳನ್ನೇ ದಿಟ್ಟಿಸಿದ. ಅತ್ತೆ ಇಂಥದೊಂದನ್ನು ಯೋಚಿಸಿದ್ದಳೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಪಕ್ಕದಲ್ಲಿದ್ದ ಹಿರಿಯ ಗಂಗಾಧರಯ್ಯ ತಲೆಯಾಡಿಸಿದರು. “ಬಂದ ಮೈಯಲ್ಲೇ ಹೋಗ್ಬೇಕು ಕಣಪ್ಪ. ಊನ ಮಾಡಿ ಕಳಿಸಬ್ಯಾಡ.”

ಬಾಗಿಲಿಗೆ ಬಂದು ನಿಂತ ಚಿಕ್ಕಗೌರಮ್ಮನ ಭಯವೇ ಬೇರೆ. “ಆ ಕಣ್ಣ ಹಾಕಿಸ್ಕೊಂಡೋರ ಗತಿ ಏನು? ಅವ್ರಿಗೂ ಮಕ್ಕಳುಮರಿ ಇರ್ತವೆ. ಪಾಪ ನಮ್ಗೆ ಸುತ್ಕೊಳ್ತದೆ.”

ಅನುಪಮಾ ತಾಯಿಯ ಹಿಂದೆ ಗೋಡೆಗೊರಗಿ ನಿಂತಿದ್ದಳು.

*

ಆರು ವರ್ಷದ ಹಿಂದೆ ಅನುಪಮಾಳ ಮಗಳು ಕೃತಿಕಾಳಿಗೆ ನಾಮಕರಣ. ಹಿಂದಿನ ದಿನ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದಾಗ ಮಗು ನಕ್ಕಿತು. ಹನುಮಕ್ಕ ಮರೆತು ಬಗ್ಗಿ ನೋಡಿಬಿಟ್ಟಳು, ಕೈಬೆರಳು ಕೊಟ್ಟಳು. ಸಂಜೆಗೆ ಮಗುವಿನ ಮೈ ಕೆಂಡವಾಯಿತು. ರಂಗನಾಥ ಮಗುವನ್ನೂ ಹೆಂಡತಿಯನ್ನೂ ಆಟೋದಲ್ಲಿ ಚಿಕ್ಕನಾಯಕನಹಳ್ಳಿಗೆ ಕರೆದೊಯ್ದ. ಡಾಕ್ಟರು ಮಗುವನ್ನು ನೋಡಿ ಚೀಟಿ ಬರೆದರು; ಅವನು ಔಷಧಿ ತರಲು ಅಂಗಡಿಗೆ ಹೋಗಿದ್ದಾಗ ಅನುಪಮಾಳ ಜೊತೆ ಮಾತಾಡಿದರು.

ಅವರು ಮನೆಗೆ ಮರಳುವಷ್ಟರಲ್ಲಿ ಹನುಮಕ್ಕನ ಚಾಪೆ, ಟ್ರಂಕು ಜಗಲಿಗೆ ಬಂದಿದ್ದವು. ನಾಮಕರಣ ಮುಗಿಯುವವರೆಗೆ ತೋಟದ ಶೆಡ್ಡಿನಲ್ಲಿರಲಿ ಎಂದು ಚಿಕ್ಕಗೌರಮ್ಮ ಹೇಳಿದ್ದಳು. ಹನುಮಕ್ಕ ಯಾರನ್ನೂ ಬೈಯಲಿಲ್ಲ. ಜ್ವರ ಇಳಿಯಿತಾ ಎಂದು ಮಾತ್ರ ಕೇಳಿ, ಟ್ರಂಕು ಹೊತ್ತುಕೊಂಡು ಹೋದಳು. ನಾಮಕರಣ ಮುಗಿಯಿತು. ಮರಳಿ ಬಾ ಎಂದು ಯಾರೂ ಕರೆಯಲಿಲ್ಲ, ಅವಳೂ ಬರಲಿಲ್ಲ.

*

ಹನ್ನೊಂದು ಗಂಟೆಗೆ ಅನಿತಾಳ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಜೀಪು ಅರ್ಧ ತಾಸು ಸುತ್ತಾಡಿ ಮತ್ತೆ ಊರ ಬಾಗಿಲಿಗೆ ಬಂದಿತ್ತು. ಹನುಮಕ್ಕನವರ ಮನೆ ಯಾವುದು ಎಂದು ಕೇಳಿದರೆ, ಅಂಥವರು ಯಾರೂ ಸತ್ತಿಲ್ಲ, ಸತ್ತಿರುವುದು ಮೆಳ್ಳಕ್ಕ ಎಂದು ಅಂಗಡಿಯವರು ಹೇಳಿ ಪಕ್ಕದೂರಿಗೆ ಕಳಿಸಿದ್ದರಂತೆ. ಅನಿತಾ ಬಿಸಿಲಲ್ಲಿ ಓಡಿಹೋಗಿ ಕರೆತಂದಳು.

ಬಂದ ಡಾಕ್ಟರು ಸುದೀಪ್, ಇನ್ನೂ ಎಳೆಯ. ಚಪ್ಪಲಿ ಬಿಟ್ಟು, ಕೈ ಮುಗಿದು, ಹೆಣದ ಪಕ್ಕ ಮಂಡಿಯೂರಿ ಟಾರ್ಚು ಹಾಕಿ ಎರಡೂ ಕಣ್ಣು ನೋಡಿದ. ತುಂಬ ಚೆನ್ನಾಗಿವೆ, ಮೇಲಿನ ಪಾರದರ್ಶಕ ಪದರ ಇಷ್ಟು ತಿಳಿಯಾಗಿರುವುದು ಈ ವಯಸ್ಸಿನಲ್ಲಿ ಅಪರೂಪ ಎಂದ. ರಂಗನಾಥ ತಡವರಿಸುತ್ತ, ಅದು ಮೆಳ್ಳೆಗಣ್ಣಲ್ಲವೇ ಎಂದು ಕೇಳಿದ. ಮೆಳ್ಳೆ ಇರುವುದು ಕಣ್ಣನ್ನು ಎಳೆಯುವ ಸ್ನಾಯುವಿನಲ್ಲಿ, ಕಣ್ಣಿನಲ್ಲಲ್ಲ ಎಂದ ಡಾಕ್ಟರು.

“ಇದನ್ನೇ ಅವ್ರೂ ಕೇಳಿದ್ರು,” ಎಂದಳು ಅನಿತಾ. ಎರಡು ವರ್ಷದ ಹಿಂದೆ ಕಿಬ್ಬನಹಳ್ಳಿಯ ಕಣ್ಣಿನ ಶಿಬಿರಕ್ಕೆ ಹನುಮಕ್ಕನನ್ನು ಕರೆದೊಯ್ದವಳು ಅವಳೇ. ಅಲ್ಲಿಯ ಡಾಕ್ಟರಮ್ಮ ಗದ್ದ ಹಿಡಿದೆತ್ತಿ ಬಹಳ ಹೊತ್ತು ಕಣ್ಣೊಳಗೆ ನೋಡಿದಾಗ ಹನುಮಕ್ಕ ಅತ್ತಿದ್ದಳಂತೆ. ಹೆಬ್ಬೆಟ್ಟು ಒತ್ತುವ ಮೊದಲು ಕೇಳಿದ್ದು ಒಂದೇ ಮಾತು.

“‘ಇನ್ನೊಬ್ರ ಮುಖಕ್ಕೆ ಹೋದ್ರೆ ಇವು ನೆಟ್ಟಗೆ ನೋಡ್ತವಾ?’ ಅಂದ್ರು. ನೋಡ್ತವೆ ಅಂದೆ.”

ರಂಗನಾಥ ಫಾರಂ ಹಿಡಿದುಕೊಂಡು ಕೂತ. ಬರೆಯಲಿಲ್ಲ. ಮತ್ತೆ ಚಿಕ್ಕಗೌರಮ್ಮನೇ ಶುರುಮಾಡಿದಳು. ತನ್ನ ಮೊಮ್ಮಗಳಿಗೆ ಆದದ್ದನ್ನು ಎಲ್ಲರೂ ಕಂಡಿದ್ದಾರೆ, ಡಾಕ್ಟರಿಗೇನು ಗೊತ್ತು ಎಂದಳು.

“ಸಾಕು ಬುಡವ್ವ,” ಎಂದಳು ಅನುಪಮಾ.

ಅವಳ ದನಿ ಏರಲಿಲ್ಲ. “ಅವತ್ತು ಬೆಳಿಗ್ಗೆ ಕೃತಿಕಾಗೆ ಅಂಗನವಾಡೀಲಿ ಇಂಜೆಕ್ಷನ್ ಹಾಕ್ಸಿದ್ದೆ. ಜ್ವರ ಅದ್ರಿಂದ್ಲೇ, ಎರಡು ದಿನದಲ್ಲಿ ಹೋಗುತ್ತೆ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು. ನಾನ್ ಯಾರ್ಗೂ ಹೇಳ್ಲಿಲ್ಲ.”

ರಂಗನಾಥ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ.

“ಯಾಕೆ?”

“ಮನೆಗೆ ಬರೋ ಹೊತ್ಗೆ ಅವ್ರ ಟ್ರಂಕು ಜಗಲಿಗೆ ಬಂದಿತ್ತು. ಹೇಳಿದ್ರೆ ವಾಪಸ್ ಕರೀಬೇಕಾಗ್ತಿತ್ತು. ನಂಗೂ ಆ ಕಣ್ಣು ಕಂಡ್ರೆ ಹೆದ್ರಿಕೆ ಇತ್ತು” ಎಂದಳು.

ರಂಗನಾಥನೂ ಆರು ವರ್ಷ ದಿನಾ ಬೆಳಿಗ್ಗೆ ಆ ಶೆಡ್ಡಿನ ಮುಂದೆಯೇ ಹಾಲು ಕರೆದು ಮನೆಗೆ ಬಂದವನು. ಫಾರಂ ಅನ್ನು ತೊಡೆಯ ಮೇಲಿಟ್ಟು ಸಹಿ ಹಾಕಿದ. ಸಾಕ್ಷಿಗೆ ಅನಿತಾ ಬರೆದಳು. ಇನ್ನೊಬ್ಬರು ಬೇಕೆಂದಾಗ ಗಂಗಾಧರಯ್ಯ ಪೆನ್ನಿಗೆ ಕೈ ಚಾಚಿದರು.

ಸೀರೆಯೊಂದನ್ನು ಅಡ್ಡ ಕಟ್ಟಿದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಜೀಪು ಹೊರಟಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಹೆಣಕ್ಕೆ ನೀರು ಹಾಕಲು ಹೆಂಗಸರು ಹಿತ್ತಿಲಿಗೆ ಬಂದರು. ಯಾರೂ ಹೇಳದಿದ್ದರೂ ಮುಖ ತೊಳೆಯಲು ಮುಂದೆ ಬಂದವಳು ಅನುಪಮಾ. ರೆಪ್ಪೆಗಳು ನಿದ್ದೆ ಹೋದವರ ಹಾಗೆ ಸಮವಾಗಿ ಮುಚ್ಚಿದ್ದವು. ಒದ್ದೆ ಬಟ್ಟೆಯಿಂದ ಹಣೆ ಒರೆಸಿ, ಕೆನ್ನೆ ಒರೆಸಿ, ಎಡಗಣ್ಣಿನ ಕೆಳಗೆ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಕೊಳೆಯೆಂದುಕೊಂಡು ಉಜ್ಜಿದಳು. ಹೋಗಲಿಲ್ಲ. ಮಚ್ಚೆ.

“ಇದು ಮೊದ್ಲಿಂದ್ಲೂ ಇತ್ತಾ?” ಎಂದು ಕೇಳಿದಳು.

ನಲವತ್ತು ವರ್ಷ ಅದೇ ಬೀದಿಯಲ್ಲಿ ಬಾಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಹತ್ತಿರ ಬಂದು, ಬಗ್ಗಿ, ಹನುಮಕ್ಕನ ಮುಖವನ್ನು ನೋಡತೊಡಗಿದರು.