ವಯೋಲದವರ ಮನೆಯ ಹಾಡು

ನಮ್ಮ ಯಜಮಾನರು ಸಿಂಫನಿ ವಾದ್ಯವೃಂದದಲ್ಲಿ ವಯೋಲ ನುಡಿಸುತ್ತಾರೆ ಎಂದರೆ ಜನ "ಓ, ವಯಲಿನ್ನಾ?" ಎನ್ನುತ್ತಾರೆ. ಅಲ್ಲ ಮಹರಾಯರೇ, ವಯೋಲ. ವಯಲಿನ್‌ಗಿಂತ ತುಸು ದೊಡ್ಡದು, ದನಿ ತುಸು ಕೆಳಗೆ. ಹೆಸರು ತರುವ ಧಾಟಿಗಳನ್ನೆಲ್ಲ ವಯಲಿನ್‌ನವರು ಹೊಡೆದುಕೊಂಡು ಹೋಗುತ್ತಾರೆ. ನಡುವೆ ಖಾಲಿ ಉಳಿದ ಜಾಗ ತುಂಬುವುದು ಇವರ ಪಾಲು. ನಾನು ದರ್ಜಿ, ನನಗೆ ಗೊತ್ತಿರುವ ಮಾತಿನಲ್ಲಿ ಹೇಳುವುದಾದರೆ ಕೋಟಿನ ಒಳಪದರಕ್ಕೆ ಹಾಕುವ ಗಡಸು ಕ್ಯಾನ್ವಾಸ್ ಬಟ್ಟೆ ಇದ್ದ ಹಾಗೆ. ಕೋಟು ನೆಟ್ಟಗೆ ನಿಲ್ಲುವುದು ಅದರಿಂದಲೇ, ಆದರೆ ಕೋಟು ಕೊಂಡವರು ಯಾರೂ ಅದನ್ನು ಕಂಡಿರುವುದಿಲ್ಲ.

ಈ ವರ್ಷದ ಸಂಗೀತ ಕಛೇರಿಗಳು ಮುಗಿದರೆ ಇವರಿಗೆ ನಿವೃತ್ತಿ. ನಾನೇನೋ ಖುಷಿಯಾಗಿದ್ದೆ. ಇವರು ಮಾತ್ರ ದಿನದಿನಕ್ಕೂ ಮುಖ ಊದಿಸಿಕೊಳ್ಳುತ್ತಾ ಹೋದರು. ಒಂದು ಬೆಳಿಗ್ಗೆ ಚಹಾ ಲೋಟ ಕೆಳಗಿಟ್ಟು ಹೇಳಿಯೇಬಿಟ್ಟರು.

"ವಯೋಲ ಕೊಟ್ಬಿಡ್ತೀನಿ ಕಣೇ. ವಾದ್ಯ ರಿಪೇರಿಯವನಿಗೆ ಹೇಳಿದೀನಿ, ಭಾನುವಾರ ಬಂದು ತಗೊಂಡು ಹೋಗ್ತಾನೆ."

"ಯಾಕ್ರೀ? ಅದೇನು ಮೂಲೇಲಿ ಕೂತು ನಿಮ್ಮನ್ನ ಅನ್ನ ಕೇಳತ್ತಾ?"

"ಇಟ್ಕೊಂಡು ಏನು ಮಾಡ್ಲಿ? ಇಷ್ಟು ವರ್ಷ ನುಡಿಸಿದೆ. ಒಬ್ಬನಾದ್ರೂ ಬಂದು, ಇವತ್ತು ನಿಮ್ಮ ಭಾಗ ಚೆನ್ನಾಗಿತ್ತು ಅಂದಿದಾನಾ? ಕೇಳಿಸಿದ್ರೆ ತಾನೇ ಅನ್ನೋದು! ಹೋಗ್ಲಿ, ನೀನು ಅಂದಿದೀಯಾ?"

ನನ್ನ ಬಾಯಿ ಮುಚ್ಚಿಸುವುದು ಸುಲಭವಲ್ಲ, ಬೇಕಾದರೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ. ಅವತ್ತು ಮಾತ್ರ ಚಹಾ ಲೋಟ ಎತ್ತಿಕೊಂಡು ತೊಳೆಯಲು ಹೋದೆ. ಕಛೇರಿಗೇನೋ ಹೋಗುತ್ತಿದ್ದೆ. ದಿನವಿಡೀ ಹೊಲಿಗೆ ಮಷೀನು ತುಳಿದವಳು, ಮೆತ್ತನೆಯ ಕುರ್ಚಿ, ಮಬ್ಬು ದೀಪ; ಹತ್ತು ನಿಮಿಷಕ್ಕೆ ತೂಕಡಿಕೆ. ಇವರ ಸದ್ದನ್ನು ಆ ಗದ್ದಲದಲ್ಲಿ ಹೆಕ್ಕಿ ತೆಗೆಯಲು ನನಗೆಲ್ಲಿ ಬರಬೇಕು?

ನಮಗೊಬ್ಬಳೇ ಮಗಳು, ಗುಬ್ಬಿ. ಆಳೆತ್ತರ ಬೆಳೆದರೂ ನಮಗವಳು ಗುಬ್ಬಿಯೇ. ರಾಕ್ ತಂಡವೊಂದರಲ್ಲಿ ತಗ್ಗು ದನಿಯ ಬೇಸ್ ಗಿಟಾರ್ ನುಡಿಸುತ್ತಾಳೆ. ಇವರು ಅವಳ ಹಾಡು ಒಂದನ್ನೂ ಕೇಳಿದವರಲ್ಲ. "ಕಿವಿ ನನ್ನ ಹೊಟ್ಟೆಪಾಡು, ನಿಮ್ಮ ಡ್ರಮ್ಮಿಗೆ ಬಲಿ ಕೊಡಕ್ಕಾಗಲ್ಲ ತಾಯೀ" ಎಂದು ಕೈಮುಗಿಯುತ್ತಿದ್ದರು. ಅವಳ ಹೊಸ ಹಾಡು ಬಸ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಪಕ್ಕದ ಮನೆಯ ಬಚ್ಚಲಲ್ಲಿ, ಎಲ್ಲೆಲ್ಲೂ ಕೇಳಿಸುತ್ತಿತ್ತು. ಹೊಲಿಯುವಾಗ ನನ್ನ ಬಾಯಲ್ಲೂ ಅದೇ. ಎಲ್ಲೋ ಕೇಳಿದ್ದೇನಲ್ಲ ಅನ್ನಿಸುತ್ತಿತ್ತು, ಅಷ್ಟಕ್ಕೇ ಬಿಡುತ್ತಿದ್ದೆ.

ಶುಕ್ರವಾರ ಗುಬ್ಬಿ ದಡದಡ ಮೆಟ್ಟಿಲು ಹತ್ತಿ ಬಂದಳು. ಕಣ್ಣು ಕೆಂಪಗಾಗಿತ್ತು. ರೇಡಿಯೋದವರು ಹಾಡಿನ ಬಗ್ಗೆ ಕೇಳಿದಾಗ, ಅದರ ಉದ್ದಕ್ಕೂ ಬರುವ ಬೇಸ್ ಸ್ವರಗಳ ಸಾಲು ತನ್ನದಲ್ಲ, ಇಂಥ ಹಳೆಯ ಸಿಂಫನಿ ಕೃತಿಯ ನಿಧಾನದ ಭಾಗದಿಂದ ತೆಗೆದುಕೊಂಡದ್ದು ಎಂದು ನಿಜ ಹೇಳಿದ್ದಾಳೆ. ರಾಕ್‌ನವರು ಹಳಬರಿಂದ ಹೀಗೆ ಕೈಗಡ ತರುವುದು ಹೊಸದೇನಲ್ಲವಂತೆ. ಮಾರನೇ ದಿನವೇ ಸಂಗೀತ ವಿಮರ್ಶಕನೊಬ್ಬ, ಆ ಸಿಂಫನಿಯಲ್ಲಿ ಅಂಥ ಧಾಟಿಯೇ ಇಲ್ಲ, ದೊಡ್ಡವರ ಹೆಸರು ಹೇಳಿ ಮೆರೆಯುವ ಚಟ ಎಂದು ಪತ್ರಿಕೆಯಲ್ಲಿ ಜಾಡಿಸಿದ್ದಾನೆ. ಊರೆಲ್ಲ ನಗು.

"ಅಪ್ಪಾ, ನೀನು ಆ ರೂಮಲ್ಲಿ ದಿನಾ ನುಡಿಸ್ತಿದ್ದೆ, ನಾನು ಗೋಡೆ ಈಚೆ ಮಲ್ಕೊಂಡು ಕೇಳ್ತಿದ್ದೆ. ಅದು ಆ ಸಿಂಫನೀನೇ ತಾನೇ? ಹೇಳು!"

ತನ್ನ ಹಾಡು ಹಾಕಿ ಫೋನು ಇವರ ಕಿವಿಗೇ ಹಿಡಿದಳು. ಇವರು ಮುಖ ಕಿವುಚಿಕೊಂಡು ಕೇಳಲು ಶುರುಮಾಡಿದರು. ಆಮೇಲೆ ಕನ್ನಡಕ ತೆಗೆದರು. "ಇನ್ನೊಂದ್ಸಲ ಹಾಕು" ಎಂದರು. ಕೇಳಿ ಮುಗಿದ ಮೇಲೆ ಆ ಸಿಂಫನಿಯ ಧ್ವನಿಮುದ್ರಿಕೆ ಹಾಕಿದರು. ವಯಲಿನ್‌ಗಳ ದೊಡ್ಡ ಧಾಟಿ ಕೋಣೆ ತುಂಬಿತು. ಗುಬ್ಬಿಯ ಮುಖ ಇಳಿದುಹೋಯಿತು.

"ಇದಲ್ಲಪ್ಪಾ. ನಂದೆಲ್ಲಿದೆ ಇದ್ರಲ್ಲಿ?"

"ಇದೆ ಕಣೇ, ಅಡಿಯಲ್ಲಿದೆ. ನೀನು ತಗೊಂಡಿರೋದು ಟ್ಯೂನಲ್ಲ, ವಯೋಲದ ಸಾಲು. ಮನೇಲಿ ನಾನೊಬ್ಬನೇ ನುಡಿಸ್ತಿದ್ನಲ್ಲ, ಅದೇ ಸಿಂಫನಿ ಅಂದ್ಕೊಂಡಿದೀಯ."

ಪೆಟ್ಟಿಗೆ ತೆರೆದು ವಯೋಲ ಎತ್ತಿ ಧ್ವನಿಮುದ್ರಿಕೆಯ ಜೊತೆಗೇ ನುಡಿಸಿದರು. ಈಗ ಕೇಳಿಸಿತು. ಏರಿ, ಇಳಿದು, ಶುರುವಾದಲ್ಲಿಗೇ ಬರುವ ಸಾಲು. ಗುಬ್ಬಿಯ ಹಾಡು!

"ಅಯ್ಯೋ ದೇವರೇ!" ಎಂದೆ. "ನಾನೂ ಅದೇ ಟ್ಯೂನು ಅಂದ್ಕೊಂಡಿದ್ದೆ ಕಣ್ರೀ! ಮನೇಲಿ ಇವರು ಎಷ್ಟು ಚೆನ್ನಾಗಿ ನುಡಿಸ್ತಾರೆ, ಅಲ್ಲಿ ಎಲ್ಲಾ ಸೇರ್ಕೊಂಡು ಹಾಳು ಮಾಡ್ತಾರಲ್ಲ ಅಂತ ಪ್ರತಿ ಸಲ ಬೈಕೊಂಡಿದೀನಿ."

ಇವರು ನಕ್ಕರು. ಎಷ್ಟೋ ವಾರಗಳ ಮೇಲೆ ನಕ್ಕರು. ಆದರೂ ವಯೋಲವನ್ನು ಪೆಟ್ಟಿಗೆಗೆ ಇಳಿಸುತ್ತಾ, "ಹಾಡು ಓಡ್ತಿರೋದು ನಿಮ್ಮ ಡ್ರಮ್ಮಿಂದ. ಅಡಿಯಲ್ಲಿರೋದು ಅಲ್ಲೂ ಯಾರ ಕಿವಿಗೆ ಬೀಳತ್ತೆ?" ಎಂದರು. ರಿಪೇರಿಯವನನ್ನು ಬೇಡವೆನ್ನಲಿಲ್ಲ.

"ನಾಳೆ ಸಂಜೆ ಮೈದಾನದಲ್ಲಿ ನಮ್ಮ ಪ್ರೋಗ್ರಾಂ ಇದೆ, ಬಾ. ಒಂದೇ ಒಂದ್ಸಲ" ಎಂದಳು ಗುಬ್ಬಿ.

ಹೋದೆವು. ಇನ್ನೂ ಬಿಸಿಲಿತ್ತು. ಕಾಲಿಡಲು ಜಾಗವಿರಲಿಲ್ಲ. ಇವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಶಿಕ್ಷೆಗೆ ನಿಂತವರಂತೆ ನಿಂತರು. ಗುಬ್ಬಿ ಮೈಕಿನ ಮುಂದೆ ಬಂದಳು.

"ಈ ಸಾಲು ಆ ಸಿಂಫನೀದೇ. ವಯೋಲದವ್ರದ್ದು. ನಾನು ಅದನ್ನ ಕೇಳಿ ಬೆಳೆದೆ, ಅದೇ ಹಾಡು ಅಂದ್ಕೊಂಡೆ. ಥ್ಯಾಂಕ್ಸ್ ಅಪ್ಪಾ."

ನನಗೆ ಆಗಲೇ ಕಣ್ಣೊರೆಸಲು ಸೆರಗು ಬೇಕಾಯಿತು. ಹಾಡಿನ ನಡುವೆ ಡ್ರಮ್ಮು ನಿಂತಿತು. ಗಿಟಾರು ನಿಂತಿತು. ಗುಬ್ಬಿಯೂ ತಂತಿಯಿಂದ ಕೈ ತೆಗೆದಳು. ಸಾಲು ನಿಲ್ಲಲಿಲ್ಲ. ಜನ ಹಾಡುತ್ತಿದ್ದರು. ಪದಗಳಿಲ್ಲ, ಬರೀ ಆ ಸಾಲು, ಸಾವಿರಾರು ಗಂಟಲಲ್ಲಿ.

ಇವರು ಮೆಲ್ಲಗೆ ಹತ್ತಿ ತೆಗೆದರು. ನನ್ನ ತೋಳು ಹಿಡಿದರು.

"ಎಲ್ಲರಿಗೂ ಬಾಯಿಪಾಠ ಕಣೇ."

"ಹೂಂ ರೀ."

"ರಿಪೇರಿಯವನಿಗೆ ಬರಬೇಡ ಅಂತ ಹೇಳ್ಬೇಕು."

"ಹೇಳೋಣ. ನಾನೇ ಹೇಳ್ತೀನಿ, ಕಿವಿ ಕಿತ್ತೋಗೋ ಹಾಗೆ ಹೇಳ್ತೀನಿ" ಎಂದೆ ಅಳುತ್ತಾ.

ಆಗ ಇವರು ಬಾಯಿ ತೆರೆದು ಹಾಡಲು ತೊಡಗಿದರು. ಆ ಸಾಲನ್ನಲ್ಲ, ಅದರ ಮೇಲೆ ಬರುವ ವಯಲಿನ್‌ಗಳ ಆ ದೊಡ್ಡ ಧಾಟಿಯನ್ನು. ಇವರ ಪಾಲಿಗೆ ಒಮ್ಮೆಯೂ ಬಾರದೇ ಹೋದದ್ದನ್ನು. ದನಿ ಒಡೆದಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಆ ಜನರ ದನಿಯ ಮೇಲೆ ಅದು ಅಳತೆ ತೆಗೆದು ಹೊಲಿದಂತೆ ಕೂತಿತು.

ಮುಂದೆ ನಿಂತಿದ್ದ ಹುಡುಗಿ ತಿರುಗಿ ನೋಡಿದಳು. "ತಾತ, ಹಾಡು ಅದಲ್ಲ. ತಪ್ಪು ಹಾಡ್ತಿದೀರಾ."

"ಇಲ್ಲಮ್ಮಾ, ಸರಿಯಾಗೇ ಹಾಡ್ತಿದಾರೆ" ಎಂದೆ. "ಇವರು ಹಾಡಬೇಕಾದ್ರೆ ನೀವು ಅಡಿಯಲ್ಲಿ ಅದನ್ನೇ ಹಾಡ್ತಿರಬೇಕು. ನಿಲ್ಲಿಸಬೇಡ ನನ್ನ ತಾಯಿ, ಹಾಡು."

ಅವಳಿಗೆ ಏನು ಅರ್ಥವಾಯಿತೋ, ಆಚೆ ತಿರುಗಿ ಮೊದಲಿಗಿಂತ ಜೋರಾಗಿ ಹಾಡಿದಳು. ಅವಳ ಹೊಟ್ಟೆ ತಣ್ಣಗಿರಲಿ.