ಬೆರಳಿಗೆ ಸಿಕ್ಕ ಗ್ರಹಣ

ಜಯನಗರದ ಆ ಮನೆಯಲ್ಲಿ ಹೀರೇಕಾಯಿ ಬೇಯಿಸಿ ಹತ್ತು ವರ್ಷದ ಮೇಲಾಗಿತ್ತು. ಚೊಚ್ಚಲ ಬಸುರಿಯಾಗಿದ್ದಾಗ ಸತ್ಯಭಾಮಾ ಗ್ರಹಣವೆಂಬುದನ್ನು ಮರೆತು ಹೀರೇಕಾಯಿ ಹೆಚ್ಚಿದ್ದಳಂತೆ. ಅದಕ್ಕೇ ಮಗಳು ವಾರಿಜಾ ಕುರುಡಿಯಾಗಿ ಹುಟ್ಟಿದಳಂತೆ. ಅತ್ತೆ ಇದನ್ನು ಹಾಲಿನವನಿಗೂ ಹೇಳಿದ್ದರು. ಕೇಳಿ ಕೇಳಿ ಸತ್ಯಭಾಮಾಳೇ ನಂಬಿಬಿಟ್ಟಿದ್ದಳು. ಹೆತ್ತವಳಿಗೆ ಇದಕ್ಕಿಂತ ಕ್ರೂರ ಶಿಕ್ಷೆ ಬೇಕೆ?

ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ಸೂರ್ಯಗ್ರಹಣ ಬಂದಾಗ ಅವಳು ಮತ್ತೆ ಆರು ತಿಂಗಳ ಬಸುರಿ. ಅತ್ತೆ ಬೆಳಗ್ಗೆಯೇ ಸಾಮಾನು ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಚಾಪೆ ಹಾಸಿದರು.

"ಒಂದು ತೊಟ್ಟು ನೀರೂ ಇಲ್ಲ. ಮೈ ಕೆರ್ಕೋಬಾರ್ದು, ಮಗ್ಗುಲು ಬದಲಾಯಿಸ್ಬಾರ್ದು. ಈ ಸಲ ನಾನೇ ಬೀಗ ಹಾಕ್ತೀನಿ."

ಗಂಡ ಅನಂತರಾಮು ಬ್ಯಾಂಕಿನಲ್ಲಿ ಆಫೀಸರು. ತಾಯಿಯ ಮುಂದೆ ಬೆಕ್ಕಿನ ಮರಿ. "ಒಂದು ಮಧ್ಯಾಹ್ನ ತಾನೇ, ಅಡ್ಜಸ್ಟ್ ಮಾಡ್ಕೋ" ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡ.

ಮಧ್ಯಾಹ್ನ ಅತ್ತೆ ಬೀಗ ಹುಡುಕಲು ಹೋದಾಗ ವಾರಿಜಾ ಕೋಣೆಗೆ ಬಂದಳು. ಅಂಧರ ಶಾಲೆಯ ಚಕ್ರಪಾಣಿ ಮೇಷ್ಟ್ರು ಮಾಡಿಕೊಟ್ಟ ರಟ್ಟು ಅವಳ ಕೈಯಲ್ಲಿತ್ತು. ಉಪ್ಪುಕಾಗದದ ದುಂಡು ಸೂರ್ಯ. ಅದರ ಮೇಲೆ ಜಾರುವ ನುಣುಪು ತಗಡಿನ ಚಂದ್ರ.

"ಕಣ್ಣು ಮುಚ್ಚಮ್ಮಾ. ಬೆರಳು ಕೊಡು."

ತಗಡು ಸರಿಯುತ್ತಾ ಬಂತು. ಬೆರಳಿಗೆ ಸಿಗುತ್ತಿದ್ದ ಒರಟು ಜಾಗ ಕಿರಿದಾಗಿ, ಕತ್ತರಿಸಿದ ಉಗುರಿನಷ್ಟಾಯಿತು. ತಗಡು ಆಚೆ ಹೋದಂತೆ ಸೂರ್ಯ ಮತ್ತೆ ತುಂಬಿಕೊಂಡ.

"ಇಷ್ಟೇನಾ?"

"ಇಷ್ಟೇ. ಚಂದ್ರ ಅಡ್ಡ ಬರ್ತಾನೆ, ಹೋಗ್ತಾನೆ. ಬರೀ ನೆರಳು. ನಮ್ಮನೇಲಿ ಯಾರು ಏನು ಹೆಚ್ತಿದಾರೆ ಅಂತ ನೆರಳಿಗೆ ಹೇಗಮ್ಮಾ ಗೊತ್ತಾಗುತ್ತೆ?"

ಸತ್ಯಭಾಮಾ ನಕ್ಕಳು. ನಗುನಗುತ್ತಲೇ ಬಿಕ್ಕಿದಳು. ಆಮೇಲೆ ಸಿಟ್ಟು ಬಂತು, ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಟ್ಟಿಗೇ ಬಂತು. ಎದ್ದು ಅಡುಗೆಮನೆಗೆ ಹೋದಳು. ಬೀಗ ಹಿಡಿದು ಬಂದ ಅತ್ತೆಯ ಎದುರಿಗೇ ಒಂದು ಚೊಂಬು ನೀರನ್ನು ಗಟಗಟನೆ ಕುಡಿದು, ಮಗಳ ಕೈ ಹಿಡಿದು ಅಂಗಳಕ್ಕೆ ಇಳಿದಳು.

ರಸ್ತೆ ಬಿಕೋ ಎನ್ನುತ್ತಿತ್ತು. ಬೀದಿಯ ಬಾಗಿಲುಗಳೆಲ್ಲ ಭದ್ರ. ಗ್ರಹಣ ಹಿಡಿದಿತ್ತು. ಸೂರ್ಯನನ್ನು ಯಾರೂ ನೇರ ನೋಡಬಾರದೆಂದು ಮೇಷ್ಟ್ರು ಹೇಳಿ ಕಳಿಸಿದ್ದರು. ತಾಯಿ ಮಗಳು ಬಿಸಿಲಿಗೆ ಬೆನ್ನು ಮಾಡಿ ಮಾವಿನ ಮರದ ಪಕ್ಕ ಕೂತರು. ಎಲೆಗಳ ಸಂದಿಯಿಂದ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದವು. ನೆಲ ನೋಡುತ್ತಾ ಸತ್ಯಭಾಮಾ ತಗಡನ್ನು ಅಷ್ಟಷ್ಟೇ ಸರಿಸಿದಳು. ವಾರಿಜಾಳ ಬೆರಳು ಹಿಂದೆಯೇ ಓಡಿತು.

"ಬೆನ್ನು ತಣ್ಣಗಾಗ್ತಿದೆ ಅಮ್ಮಾ! ಈಗ ಇಷ್ಟೇ ಉಳಿದಿರೋದು ಅಲ್ವಾ?"

"ಹೂಂ ಕಣೇ, ಅಷ್ಟೇ!"

ಹೊಸ್ತಿಲು ದಾಟಲು ಹೆದರಿ ಒಳಗಿನಿಂದಲೇ ಅತ್ತೆ ಕೂಗಿಕೊಂಡರು. "ಒಳಗೆ ಬಾರೇ ಪಾಪಿ! ಹುಟ್ಟೋ ಮಗೂನೂ ಕುರುಡಾದ್ರೆ ಏನ್ ಮಾಡ್ತೀಯಾ?"

ಸತ್ಯಭಾಮಾ ತಿರುಗಲಿಲ್ಲ.

"ಆಗ್ಲಿ ಬಿಡಿ ಅತ್ತೆ. ಪಾಠ ಹೇಳ್ಕೊಡೋಕೆ ಅಕ್ಕ ಇದಾಳೆ."